ಕುಲುಮೆಯ ಬೆಸುಗೆ, ಕಂಬಿಯ ಬೆಸುಗೆ

ಗುಬ್ಬಿಯ ಚರಿತ್ರೆಯಲ್ಲಿ 1884 ವಿಶೇಷವಾದ ವರ್ಷ. ಮುಂದೆ ವೀರಣ್ಣನವರ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು ಆ ವರ್ಷ. ಬೆಂಗಳೂರಿನಿಂದ ತುಮಕೂರಿನ ಮೂಲಕ ಮೀಟರ್ ಗೇಜ್ ರೈಲು ಗುಬ್ಬಿಗೆ ಬಂದು ನಿಂತದ್ದೂ ಅದೇ ವರ್ಷ. 1889ರಲ್ಲಿ ಹರಿಹರ ಮುಟ್ಟಿದ ಆ ದಾರಿಗೆ ಮೊದಮೊದಲು ಗುಬ್ಬಿಯೇ ಕೊನೆ. ನಾಟಕ ಸಂಘದ ಕತೆಯನ್ನು ಬೇಕಾದಷ್ಟು ಮಂದಿ ಬರೆದಿದ್ದಾರೆ. ಕಂಬಿಯ ಕತೆ ಬರೆದವರು ಕಡಿಮೆ.

ಹಳೆಯ ರೈಲಿನಲ್ಲಿ ಓಡಾಡಿದವರಿಗೆ ಅದರ ಟಕ್-ಟಕ್ ಸದ್ದು ಇನ್ನೂ ನೆನಪಿರಬಹುದು. ಒಂದು ಕಂಬಿಗೂ ಮುಂದಿನ ಕಂಬಿಗೂ ನಡುವೆ ಬೆರಳು ತೂರದಷ್ಟು ಸಂದು. ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಬಿಗಿದಿರುತ್ತಿದ್ದರು. ಗಾಲಿ ಆ ಸಂದನ್ನು ದಾಟುವಾಗಲೆಲ್ಲ ಸದ್ದು. ಇಂದು ತುಮಕೂರಿನಿಂದ ಗುಬ್ಬಿಗೆ ಹೋಗುವಾಗ ಆ ಸದ್ದು ಬಹುಮಟ್ಟಿಗೆ ಕೇಳಿಸುವುದಿಲ್ಲ. ಸಂದು ಇದ್ದ ಜಾಗಕ್ಕೆ ಬೆಸುಗೆ ಬಂದಿದೆ. ಆ ಬೆಸುಗೆಯನ್ನು ಯಾವ ವಿಧಾನದಲ್ಲಿ ಮಾಡಬೇಕು ಎಂಬುದು ಜೀವದ ಪ್ರಶ್ನೆ. ತಪ್ಪಿದರೆ ಸಾವಿರಾರು ಜನರಿರುವ ಗಾಡಿ ಹಳಿ ಬಿಡುತ್ತದೆ.

ಇದೇ ಪ್ರಶ್ನೆ ಸಣ್ಣ ಪ್ರಮಾಣದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ದಿನವೂ ಎದುರಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರಿನ ಕೊಕ್ಕೆ ಬಿರುಕು ಬಿಟ್ಟಿದೆ, ಪಂಪಿನ ಬೀಡು ಕಬ್ಬಿಣದ ಕವಚ ಸೀಳಿದೆ, ಅಡಿಕೆ ಬೇಯಿಸುವ ತಾಮ್ರದ ಹಂಡೆ ತೂತಾಗಿದೆ. ಎಲ್ಲಕ್ಕೂ ಗಿರಾಕಿಯ ಮಾತು ಒಂದೇ: "ಒಂಚೂರು ವೆಲ್ಡಿಂಗ್ ಹೊಡೆದುಕೊಡಿ." ಆದರೆ ಈ ಮೂರಕ್ಕೂ ಬೇಕಾದ ಬೆಸುಗೆ ಒಂದೇ ಅಲ್ಲ. ಅದೇಕೆ ಎಂದು ತಿಳಿಯಬೇಕಾದರೆ ವಿದ್ಯುತ್ತು ಬರುವುದಕ್ಕೂ ಹಿಂದಿನ ಕುಲುಮೆಗೆ ಹೋಗಬೇಕು.

ತಿದಿಯ ಮುಂದೆ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರ ವ್ಯವಸ್ಥೆ ಇತ್ತು. ಅವರಲ್ಲಿ ಕಮ್ಮಾರನೂ ಒಬ್ಬ. ರೈತನ ನೇಗಿಲ ಕುಳ ಮೊಂಡಾದರೆ ತಟ್ಟಿಕೊಡುವುದು, ಗಾಡಿಯ ಚಕ್ರಕ್ಕೆ ಪಟ್ಟೆ ಕಟ್ಟುವುದು, ಕುಡುಗೋಲಿಗೆ ಹದ ಹಾಕುವುದು ಆತನ ಕೆಲಸ. ಕೂಲಿ ರೊಕ್ಕದಲ್ಲಿ ಅಲ್ಲ, ಸುಗ್ಗಿಯಲ್ಲಿ ಕಣದಲ್ಲೇ ಅಳೆದುಕೊಡುವ ಧಾನ್ಯದಲ್ಲಿ. ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ. ಕುಳ ಮತ್ತೆ ಮತ್ತೆ ಮುರಿದರೆ ಕಮ್ಮಾರನಿಗೆ ಹೆಚ್ಚು ದುಡ್ಡು ಬರುತ್ತಿರಲಿಲ್ಲ, ಹೆಚ್ಚು ಕೆಲಸ ಮಾತ್ರ ಬರುತ್ತಿತ್ತು. ಬಾಳಿಕೆ ಬರುವ ರಿಪೇರಿ ಮಾಡುವುದು ಅವನ ಸ್ವಾರ್ಥವೂ ಆಗಿತ್ತು. ಇಂದಿನ ಅಂಗಡಿಯ ಲೆಕ್ಕ ಬೇರೆ.

ಗಾಡಿ ಚಕ್ರದ ಪಟ್ಟೆಯನ್ನು ನೋಡಿ. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಎರಡು ತುದಿಗಳನ್ನು ಕೂಡಿಸಬೇಕು. ರಾಡು, ಗ್ಯಾಸು ಯಾವುದೂ ಇಲ್ಲ. ತುದಿಗಳನ್ನು ಓರೆಯಾಗಿ ತಟ್ಟಿ, ಒಂದರ ಮೇಲೊಂದು ಕೂರುವಂತೆ ಮಾಡಿ, ಇದ್ದಿಲ ಬೆಂಕಿಯಲ್ಲಿಟ್ಟು ತಿದಿ ಒತ್ತುತ್ತಾರೆ. ಕಬ್ಬಿಣ ಕೆಂಪಾಗಿ, ಹಳದಿಯಾಗಿ, ಬಿಳುಪಿಗೆ ತಿರುಗಿ, ಸಣ್ಣ ಕಿಡಿ ಸಿಡಿಯತೊಡಗಿದಾಗ ಅದರ ಬಿಸಿ ಸುಮಾರು 1,200ರಿಂದ 1,300 ಡಿಗ್ರಿ ಸೆಲ್ಸಿಯಸ್. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಅಂದರೆ ಇಲ್ಲಿ ಲೋಹ ಕರಗುವುದೇ ಇಲ್ಲ. ಅದರ ಮೇಲಿನ ಆಕ್ಸೈಡಿನ ಹೊಟ್ಟು ಕರಗಿ ಜಾರಲೆಂದು ನುಣ್ಣನೆಯ ಮರಳನ್ನೋ ಬಿಳಿಗಾರವನ್ನೋ ಉದುರಿಸಿ, ಅಡಿಗಲ್ಲಿನ ಮೇಲಿಟ್ಟು ಚಮ್ಮಟಿಗೆಯಿಂದ ಹೊಡೆದಾಗ ಎರಡು ತುದಿಗಳು ಒಂದಾಗುತ್ತವೆ. ನಡುವೆ ಬೇರೆ ಲೋಹವಿಲ್ಲ. ಬಿಸಿ ಮತ್ತು ಒತ್ತಡ, ಎರಡೇ. ಬಳಿಕ ಆ ಬಳೆಯನ್ನು ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಚಕ್ರವನ್ನು ಬಿಗಿದಪ್ಪುತ್ತದೆ. ಬೆಸುಗೆಯಲ್ಲಿ ದೋಷವಿದ್ದರೆ ಆ ಗಳಿಗೆಯಲ್ಲೇ ಬಾಯಿ ಬಿಡುತ್ತದೆ. ಪರೀಕ್ಷೆ ಅಲ್ಲೇ, ಗಿರಾಕಿಯ ಕಣ್ಣೆದುರಿಗೇ.

ಈ ವಿದ್ಯೆ ಎಷ್ಟು ದೊಡ್ಡದಕ್ಕೂ ಸಲ್ಲುತ್ತಿತ್ತು. ದೆಹಲಿಯ ಕಬ್ಬಿಣದ ಸ್ತಂಭ ಮುದ್ದೆ ಮುದ್ದೆಯಾಗಿ ಬೆಸೆದದ್ದು. ವಿಜಯಪುರದ ಉಪ್ಪಲಿ ಬುರುಜಿನ ಮೇಲಿರುವ ಉದ್ದನೆಯ ತೋಪು ಎರಕ ಹೊಯ್ದದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ತೊಡಿಸಿ ಮಾಡಿದ್ದು.

ತುಮಕೂರು ಸೀಮೆಗೆ ಕಬ್ಬಿಣ ಹೊರಗಿನಿಂದ ಬರಬೇಕಾಗಿರಲಿಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರಿತ್ತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ ತುಮಕೂರು, ಗುಬ್ಬಿಗಳನ್ನು ಹಾದು ಮಧುಗಿರಿ, ಚನ್ನರಾಯನದುರ್ಗದ ಕಡೆಗೂ ಹೋಗಿದ್ದ. ಮಳೆಗಾಲದ ಹಳ್ಳಗಳು ಬಂಡೆಗಳಿಂದ ಕೊಚ್ಚಿ ತಂದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದನ್ನೂ, ಆ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುವುದನ್ನೂ ಅವನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿಯ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚುತ್ತಿದ್ದರಂತೆ. ಬಯಲುಸೀಮೆಯ ಬೇಲಿಗಳಲ್ಲೆಲ್ಲ ಹಳದಿ ಹೂ ಬಿಡುವ ಅದೇ ತಂಗಡಿ.

ಆ ಕಡ್ಡಿಯ ಕೆಲಸ ಇಂಗಾಲ ಕೊಡುವುದು. ಇಡೀ ಲೇಖನದ ಕೀಲಿ ಇಲ್ಲಿದೆ. ಕುಲುಮೆಯ ಮೆದು ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಮೂಸೆಯ ಉಕ್ಕಿನಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲು. ಅಷ್ಟರಲ್ಲೇ ಲೋಹದ ಗುಣ ಬದಲಾಗುತ್ತದೆ. ಮೆದು ಕಬ್ಬಿಣ ಬಗ್ಗುತ್ತದೆ, ಸುಲಭವಾಗಿ ಬೆಸೆಯುತ್ತದೆ. ಉಕ್ಕು ಹರಿತ ಹಿಡಿಯುತ್ತದೆ, ಆದರೆ ಬೆಸೆಯಲು ಹಟಮಾರಿ. ಯುರೋಪಿನ ವಿಜ್ಞಾನಿಗಳು ಈ ಉಕ್ಕನ್ನು 'ವೂಟ್ಸ್' ಎಂದು ಕರೆದರು. ನಮ್ಮ 'ಉಕ್ಕು' ಶಬ್ದವೇ ಹಾಗಾಯಿತು ಎಂಬುದು ಬಹುಮಂದಿ ವಿದ್ವಾಂಸರು ಒಪ್ಪಿರುವ ಮಾತು. ಮೈಕೇಲ್ ಫ್ಯಾರಡೆಯಂಥವನು 1818ರ ಸುಮಾರಿನಿಂದ ಕೆಲವು ವರ್ಷ ಇದರ ಗುಟ್ಟಿನ ಬೆನ್ನು ಹತ್ತಿದ್ದ. ಕಮ್ಮಾರನಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೆ ಯಾವ ಲೋಹ ಸುತ್ತಿಗೆಯ ಕೆಳಗೆ ಹೇಗೆ ವರ್ತಿಸುತ್ತದೆ ಎಂಬುದು ಕೈಗೆ ತಿಳಿದಿತ್ತು.

ಬಾಟಲಿಯೊಳಗಿನ ಬೆಂಕಿ

ಕುಲುಮೆಗೆ ಒಂದು ಮಿತಿಯಿದೆ. ಬೆಸೆಯಬೇಕಾದ ವಸ್ತುವನ್ನು ಬೆಂಕಿಯ ಬಳಿಗೆ ತರಬೇಕು. ಲಾರಿಯನ್ನು ಕುಲುಮೆಗೆ ಹಾಕಲಾಗದು. ಬೆಂಕಿಯನ್ನೇ ವಸ್ತುವಿನ ಬಳಿಗೆ ಒಯ್ಯುವ ಉಪಾಯ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಸಿಕ್ಕಿತು. ಕ್ಯಾಲ್ಸಿಯಂ ಕಾರ್ಬೈಡ್ ಕಲ್ಲಿಗೆ ನೀರು ತಾಗಿಸಿದರೆ ಅಸಿಟಿಲಿನ್ ಅನಿಲ ಬರುತ್ತದೆ. ಅದನ್ನು ಆಮ್ಲಜನಕದೊಡನೆ ಉರಿಸಿದರೆ 3,000 ಡಿಗ್ರಿಗೂ ಮೀರಿದ ಜ್ವಾಲೆ. 1892ರಲ್ಲಿ ಕಾರ್ಬೈಡನ್ನು ಅಗ್ಗವಾಗಿ ಮಾಡುವ ದಾರಿ ತಿಳಿಯಿತು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಕೈಯಲ್ಲಿ ಹಿಡಿಯುವ ಟಾರ್ಚ್ ಬಂತು. ನಮ್ಮಲ್ಲಿ ಇದಕ್ಕೆ 'ಗ್ಯಾಸ್ ವೆಲ್ಡಿಂಗ್' ಎಂದೇ ಹೆಸರು. (ಇದೇ ಕಾರ್ಬೈಡಿನಿಂದ ಮಾವು ಹಣ್ಣು ಮಾಡುವುದು ಕಾನೂನಿಗೆ ವಿರುದ್ಧವಾದರೂ ನಿಂತಿಲ್ಲ. ಅದು ಬೇರೆ ಕತೆ.)

ವಿದ್ಯುತ್ ವೆಲ್ಡಿಂಗ್ ಬಂದ ಮೇಲೆ ಗ್ಯಾಸು ಹಳೆಯದಾಯಿತೆಂದು ಹಲವರು ತಿಳಿದಿದ್ದಾರೆ. ಆದರೆ ಎರಡು ಕೆಲಸಗಳಲ್ಲಿ ಅದು ಇನ್ನೂ ಗೆಲ್ಲುತ್ತದೆ. ಮೊದಲನೆಯದು ತಾಮ್ರ. ಗುಬ್ಬಿಯ ಅಡಿಕೆ ತೋಟಗಳಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುವ ಕಾಲಕ್ಕೆ ಹಂಡೆ ಸೋರಿದರೆ ಕೆಲಸವೇ ನಿಂತಂತೆ. ತಾಮ್ರ ಬಿಸಿಯನ್ನು ಎಷ್ಟು ವೇಗವಾಗಿ ಸುತ್ತ ಹಂಚುತ್ತದೆಂದರೆ, ಒಂದು ಕಡೆ ಕರಗಿಸಲು ಹೊರಟವನು ಇಡೀ ಹಂಡೆಯನ್ನು ಕಾಯಿಸಬೇಕಾಗುತ್ತದೆ. ಅದಕ್ಕೇ ಕಂಚುಗಾರರು ತಾಮ್ರವನ್ನು ಕರಗಿಸುವ ಗೊಡವೆಗೇ ಹೋಗದೆ, ಅದಕ್ಕಿಂತ ಕಡಿಮೆ ಬಿಸಿಗೆ ಕರಗುವ ಹಿತ್ತಾಳೆಯನ್ನು ಬಿಳಿಗಾರದೊಡನೆ ಸಂದಿಗೆ ಹರಿಸುತ್ತಿದ್ದರು. ಇಂದಿನ 'ಬ್ರೇಜಿಂಗ್' ಎಂಬುದು ಅದೇ.

ಎರಡನೆಯದು ಬೀಡು ಕಬ್ಬಿಣ. ಪಂಪಿನ ಕವಚ, ಹಳೆಯ ಎಂಜಿನ್ನಿನ ಬ್ಲಾಕು, ಕಬ್ಬಿನ ಗಾಣದ ಪಕ್ಕೆ ಎಲ್ಲವೂ ಎರಕದವು. ಇವುಗಳಲ್ಲಿ ಇಂಗಾಲ ನೂರಕ್ಕೆ ಎರಡರಿಂದ ನಾಲ್ಕು ಪಾಲು, ಮೂಸೆಯ ಉಕ್ಕಿಗಿಂತಲೂ ಹೆಚ್ಚು. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಸಾಮಾನ್ಯ ಉಕ್ಕಿನ ರಾಡಿನಿಂದ ಅದರ ಮೇಲೆ ಬೆಸುಗೆ ಎಳೆದರೆ ಕೈ ತೆಗೆಯುವ ಮೊದಲೇ 'ಟಿಣ್' ಎಂದು ಪಕ್ಕದಲ್ಲಿ ಬಿರುಕು ಬಿಡುವುದುಂಟು. ಬಿಸಿಯಾದ ಕಡೆ ಹಿಗ್ಗಿ, ತಣಿಯುವಾಗ ಕುಗ್ಗಿ, ಸುತ್ತಲಿನ ತಣ್ಣಗಿನ ಬೀಡನ್ನು ಎಳೆಯುತ್ತದೆ. ಎಳೆತ ತಾಳುವ ಗುಣ ಅದಕ್ಕಿಲ್ಲ. ಇದಕ್ಕೆ ದಾರಿಗಳು ಎರಡು. ಇಡೀ ವಸ್ತುವನ್ನು ಮೊದಲೇ ಕಾಯಿಸಿ ಹಿತ್ತಾಳೆಯಲ್ಲಿ ಬ್ರೇಜ್ ಮಾಡುವುದು ಒಂದು. ನಿಕ್ಕಲ್ ರಾಡಿನಲ್ಲಿ ಅಂಗುಲ ಅಂಗುಲವಾಗಿ ಬೆಸೆದು, ಪ್ರತಿ ತುಂಡನ್ನೂ ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಡೆಗೆ ಬೂದಿಯಲ್ಲೋ ಮರಳಿನಲ್ಲೋ ಹೂತು ನಿಧಾನವಾಗಿ ತಣಿಸುವುದು ಇನ್ನೊಂದು. ನಿಕ್ಕಲ್ ರಾಡು ದುಬಾರಿ, ಕೆಲಸವೂ ನಿಧಾನ. ಹಾಗೆಂದೇ ಗಿರಾಕಿಗೂ ಅಂಗಡಿಯವನಿಗೂ ಜಗಳ ಹುಟ್ಟುವುದು ಹೆಚ್ಚಾಗಿ ಬೀಡಿನ ರಿಪೇರಿಯಲ್ಲೇ.

ಬೀಡನ್ನೂ ಗಟ್ಟಿಯಾಗಿ ಬೆಸೆಯಬಹುದೆಂದು ಜಗತ್ತಿಗೆ ತೋರಿಸಿದ್ದು ಒಂದು ಯುದ್ಧ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯುವ ಹೊತ್ತಿಗೆ ನ್ಯೂಯಾರ್ಕ್ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಜರ್ಮನ್ ಹಡಗುಗಳ ನಾವಿಕರು ಎಂಜಿನ್ನುಗಳ ಬೀಡಿನ ಸಿಲಿಂಡರುಗಳನ್ನು ಒಡೆದುಹಾಕಿದ್ದರು. ಹೊಸದಾಗಿ ಎರಕ ಹೊಯ್ಯುವುದಾದರೆ ಬಹಳ ಕಾಲ ಬೇಕಿತ್ತು. ವಿದ್ಯುತ್ ಬೆಸುಗೆಯಿಂದ ಕೆಲವೇ ತಿಂಗಳಲ್ಲಿ ಅವುಗಳನ್ನು ಸರಿಪಡಿಸಿ, ಅದೇ ಹಡಗುಗಳಲ್ಲಿ ಅಮೆರಿಕದ ಸೈನಿಕರನ್ನು ಯುರೋಪಿಗೆ ಸಾಗಿಸಲಾಯಿತು.

ರಾಡಿನ ಮೇಲಿನ ಮಣ್ಣು

ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವುದು 1880ರ ದಶಕದ ಸಾಧನೆ. ರಷ್ಯಾದ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದಲೂ, 1888ರಲ್ಲಿ ಸ್ಲಾವ್ಯಾನೋವ್ ಲೋಹದ ಕಡ್ಡಿಯಿಂದಲೂ ಮಾಡಿ ತೋರಿಸಿದರು. ಗುಬ್ಬಿಗೆ ರೈಲು ಬಂದ ಕಾಲವೇ ಅದು. ಆದರೆ ಬರಿಯ ಕಡ್ಡಿಯ ಬೆಸುಗೆ ಪೆಡಸು. ಕರಗಿದ ಉಕ್ಕು ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಗುಳ್ಳೆಗುಳ್ಳೆಯಾಗುತ್ತಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ಹಡಗುಗಳ ಬಾಯ್ಲರು ರಿಪೇರಿ ಮಾಡುತ್ತಿದ್ದ ಆಸ್ಕರ್ ಶೆಲ್‌ಬರ್ಗ್ ಎಂಬಾತ ಕಡ್ಡಿಗೆ ಖನಿಜಗಳ ಲೇಪ ಮೆತ್ತಿದ. ಉರಿಯುವಾಗ ಆ ಲೇಪ ಹೊಗೆಯಾಗಿ ಗಾಳಿಯನ್ನು ದೂರ ತಳ್ಳುತ್ತದೆ, ಕಿಟ್ಟವಾಗಿ ಬಿಸಿ ಬೆಸುಗೆಯ ಮೇಲೆ ಹೊದಿಕೆ ಹೊದಿಸುತ್ತದೆ. 1904ರಲ್ಲಿ ಆತ ಕಟ್ಟಿದ ಕಂಪನಿ ಇಸ್ಯಾಬ್. ಇಂದು ಜಗತ್ತೆಲ್ಲ ಬಳಸುವ ರಾಡು ಹೊಸ ವಸ್ತು ಕಟ್ಟುವವನ ತಲೆಯಿಂದ ಬಂದದ್ದಲ್ಲ, ರಿಪೇರಿ ಮಾಡುವವನ ತಲೆಯಿಂದ ಬಂದದ್ದು ಎಂಬುದು ನಮ್ಮ ಅಂಗಡಿಗಳವರು ಹೆಮ್ಮೆಪಡಬೇಕಾದ ಸಂಗತಿ.

ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳು, ಹಳ್ಳಿಗಳಿಗೆ ವಿದ್ಯುತ್ತು, ಟ್ರ್ಯಾಕ್ಟರು, ಕೊಳವೆಬಾವಿ ಒಂದೊಂದಾಗಿ ಬಂದಂತೆ ತುಮಕೂರು ಸೀಮೆಯಲ್ಲಿ ವೆಲ್ಡಿಂಗ್ ಅಂಗಡಿಗಳೂ ಹೆಚ್ಚಿದವು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಯಾವ ಅಂಗಡಿಗೆ ಹೋದರೂ ಬಹುಪಾಲು ಕೆಲಸ ಒಂದೇ ಬಗೆಯ ರಾಡಿನಲ್ಲಿ ನಡೆಯುತ್ತದೆ, 6013 ಎಂಬ ಸಂಖ್ಯೆಯದು. ಗೇಟು, ಗ್ರಿಲ್ಲು, ಕಿಟಕಿಗೆ ಅದು ಸಾಕಾದದ್ದೇ. ಆದರೆ ಭಾರ ಎಳೆಯುವ ಕೊಕ್ಕೆಗೂ, ಜೆಸಿಬಿಯ ತೋಳಿಗೂ ಅದನ್ನೇ ಹೊಡೆಯುತ್ತಾರೆ. ಅಂಥ ಕಡೆ ಬೇಕಾದದ್ದು 7018. ಮೊದಲ ಎರಡು ಅಂಕೆಗಳು ಬಲದ ಗುರುತು, 60ಕ್ಕಿಂತ 70 ಗಟ್ಟಿ. ಆದರೆ ಮುಖ್ಯ ವ್ಯತ್ಯಾಸ ಬಲದಲ್ಲಿಲ್ಲ, ಜಲಜನಕದಲ್ಲಿದೆ. ಲೇಪದಲ್ಲಿ ತೇವವಿದ್ದರೆ ಅದು ಕಿಡಿಯಲ್ಲಿ ಒಡೆದು ಜಲಜನಕವಾಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿ ಉಕ್ಕಿನಲ್ಲಿ ಅದು ಗಂಟೆಗಳೋ ದಿನಗಳೋ ಕಳೆದ ಮೇಲೆ ಒಳಗಿಂದೊಳಗೇ ಬಿರುಕು ಹುಟ್ಟಿಸುತ್ತದೆ. ಹೊರಗೆ ಬೆಸುಗೆ ನಾಣ್ಯ ಜೋಡಿಸಿದಂತೆ ಸುಂದರವಾಗಿರುತ್ತದೆ. 7018ರ ಲೇಪದಲ್ಲಿ ತೇವ ತೀರ ಕಡಿಮೆ. ಆದರೆ ಡಬ್ಬಿ ಒಡೆದು ಬಿಟ್ಟರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮತ್ತೆ 300ರಿಂದ 350 ಡಿಗ್ರಿ ಒಲೆಯಲ್ಲಿ ಒಂದೆರಡು ಗಂಟೆ ಕಾಯಿಸಿಯೇ ಬಳಸಬೇಕು. ಮಳೆಗಾಲದಲ್ಲಿ ತಗಡಿನ ಶೆಡ್ಡಿನ ಮೂಲೆಯಲ್ಲಿ ಬಿಚ್ಚಿಟ್ಟ 7018, ಹೆಸರಿಗೆ ಮಾತ್ರ 7018.

ಹಾಗಾದರೆ 6013 ಏಕೆ ಗೆದ್ದಿತು? ಬೆಲೆಯೊಂದೇ ಕಾರಣವಲ್ಲ. ಅಂಗಡಿಗಳಲ್ಲಿ ಬಹುಕಾಲ ಇದ್ದದ್ದು ಎ.ಸಿ. ಟ್ರಾನ್ಸ್‌ಫಾರ್ಮರ್ ಸೆಟ್ಟುಗಳು. ಹಳ್ಳಿಯ ಕರೆಂಟು ಮೂರು ಫೇಸು ಬಂದಷ್ಟು ಹೊತ್ತು ಮಾತ್ರ ಕೆಲಸ, ಬಂದರೂ ವೋಲ್ಟೇಜು ಕುಂಟು. 6013 ಅಂಥ ಕರೆಂಟಿನಲ್ಲೂ ಥಟ್ಟನೆ ಕಿಡಿ ಹಿಡಿಯುತ್ತದೆ. 7018 ಅಂಟಿಕೊಂಡು ಪೀಡಿಸುತ್ತದೆ, ಅದಕ್ಕೆ ಡಿ.ಸಿ. ಕರೆಂಟು ಹೆಚ್ಚು ಹಿತ. ರಾಡನ್ನು ಆಯ್ದದ್ದು ಕಮ್ಮಾರನಲ್ಲ, ಕರೆಂಟಿನ ಕಂಬ ಎಂದರೂ ನಡೆದೀತು. ಈಗ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರ ಇನ್ವರ್ಟರ್ ಸೆಟ್ಟುಗಳು ಬಂದು ಡಿ.ಸಿ. ಎಲ್ಲರಿಗೂ ಎಟುಕಿದೆ. ಆದರೆ ಕೈಯ ರೂಢಿ ಬದಲಾಗಿಲ್ಲ.

ನನ್ನ ಬೈಕಿನ ಸ್ಟ್ಯಾಂಡು ಮೂರು ಸಲ ಬೆಸೆಸಿಕೊಂಡಿದೆ, ಮೂರು ಸಲವೂ ಮುರಿದಿದೆ. ಸೋಜಿಗವೆಂದರೆ ಬೆಸುಗೆ ಒಮ್ಮೆಯೂ ಬಿಟ್ಟಿಲ್ಲ. ಮುರಿದದ್ದು ಅದರ ಪಕ್ಕದಲ್ಲಿ, ಕೂದಲೆಳೆಯ ದೂರದಲ್ಲಿ. ಕಮ್ಮಾರ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಹಾಕುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಇಂಗಾಲವಿರುವ ಉಕ್ಕು ಕೆಂಪು ಬಿಸಿಯಿಂದ ಸರಕ್ಕನೆ ತಣಿದರೆ ಗಾಜಿನಂತೆ ಪೆಡಸಾಗುತ್ತದೆ. ಬೆಸುಗೆಯ ಪಕ್ಕದ ಲೋಹಕ್ಕೆ ಆಗುವುದೂ ಅದೇ. ನೀರಿಲ್ಲದಿದ್ದರೇನು, ಸುತ್ತಲಿನ ತಣ್ಣಗಿನ ಉಕ್ಕೇ ಬಿಸಿಯನ್ನು ಹೀರಿಬಿಡುತ್ತದೆ. ಕಾಯಿಸದೆ ಹೊಡೆದ ಬೆಸುಗೆ, ಕೇಳದೆ ಹಾಕಿದ ಹದ. ಲಾರಿಯ ಸ್ಪ್ರಿಂಗ್ ಪಟ್ಟೆಯನ್ನು ವೆಲ್ಡ್ ಮಾಡಬಾರದೆಂದು ಅನುಭವಿಗಳು ಹೇಳುವುದು ಇದಕ್ಕೇ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗೂ ಹೆಚ್ಚು. ಅಂಥ ಪಟ್ಟೆ ಮುರಿದರೆ ಬದಲಾಯಿಸುವುದೊಂದೇ ದಾರಿ. ಮುರಿದದ್ದನ್ನು ಕುಲುಮೆಗೆ ಕೊಟ್ಟರೆ ಒಳ್ಳೆಯ ಮಚ್ಚಾಗುತ್ತದೆ.

ರಿಪೇರಿಯೇ ಸಾಧ್ಯವಿಲ್ಲದ ಬೆಸುಗೆಯೂ ಒಂದಿದೆ. ಗಟ್ಟಿ ಬಂಡೆಯ ಈ ಜಿಲ್ಲೆಯಲ್ಲಿ ಕೊಳವೆಬಾವಿ ಕೊರೆಯುವಾಗ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಕಬ್ಬಿಣದ್ದಾದರೆ ಒಂದರ ತುದಿಗೆ ಇನ್ನೊಂದನ್ನು ಅಲ್ಲೇ ಬೆಸೆದು ಬಿಡುವುದು ವಾಡಿಕೆ. ಕೆಲಸ ಅನೇಕ ವೇಳೆ ರಾತ್ರಿಯಲ್ಲಿ, ಅವಸರದಲ್ಲಿ. ಆ ಬೆಸುಗೆ ಬಿಟ್ಟು ಮಣ್ಣು ನುಗ್ಗಿದರೆ ಕೊರೆಸಿದ ಬಾವಿಯೂ ಹೋಯಿತು, ಒಳಗಿದ್ದ ಮೋಟಾರೂ ಹೋಯಿತು. ಸಾಲ ಮಾತ್ರ ಉಳಿಯಿತು. ಅಡಿಗಳ ಲೆಕ್ಕವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ರೈತರು ಆ ಎರಡು ನಿಮಿಷದ ಬೆಸುಗೆಯನ್ನೂ ನೋಡಬೇಕು. ಪೂರ್ತಿ ಸುತ್ತು ಬೆಸೆದರೇ, ಅಥವಾ ನಾಲ್ಕು ಕಡೆ ಚುಕ್ಕೆ ಇಟ್ಟು ಇಳಿಸಿದರೇ?

ಇನ್ನು ಸ್ಟೀಲ್, ಅಲ್ಯೂಮಿನಿಯಂಗಳ ವಿಚಾರ. ಹಾಲಿನ ಡೇರಿಯ ಸ್ಟೇನ್‌ಲೆಸ್ ಪೈಪಿಗೆ 'ಟಿಗ್', ತೆಳು ತಗಡಿಗೆ, ಫ್ಯಾಕ್ಟರಿಯೊಳಗಿನ ಸತತ ಕೆಲಸಕ್ಕೆ 'ಮಿಗ್'. ಎರಡರಲ್ಲೂ ಲೇಪದ ಬದಲು ಅನಿಲದ ಹೊದಿಕೆ. ಬಯಲಿನಲ್ಲಿ ಗಾಳಿ ಬೀಸಿದರೆ ಹೊದಿಕೆ ಹಾರಿಹೋಗುತ್ತದೆ, ಹಾಗಾಗಿ ರಸ್ತೆಬದಿಗೆ, ಹೊಲಕ್ಕೆ ಮಿಗ್ ಹೊಂದುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಷ್ಟು ಆಧುನಿಕ ವಿದ್ಯೆಯಲ್ಲೂ, ವಿಮಾನಗಳಿಗೆ ಬಳಸುವ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಕರಗಿಸಿ ಬೆಸೆಯುವುದಕ್ಕಿಂತ ರಿವೆಟ್ ಹೊಡೆಯುವುದಕ್ಕೇ ನಂಬಿಕೆ ಹೆಚ್ಚು. ಕರಗಿಸಿದರೆ ಅವುಗಳ ಬಲ ಕುಂದುತ್ತದೆ. ಬೆಸೆಯದಿರುವುದೂ ಒಂದು ಆಯ್ಕೆ.

ಇದನ್ನು ದುಬಾರಿ ಬೆಲೆ ತೆತ್ತು ಕಲಿತವರು ಹಡಗು ಕಟ್ಟುವವರು. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಆಗತಾನೇ ಕಟ್ಟಿದ್ದ 'ಸ್ಕೆನೆಕ್ಟಡಿ' ಎಂಬ ತೈಲದ ಹಡಗು ನಿಶ್ಚಲ ನೀರಿನಲ್ಲಿ ನಿಂತಿದ್ದಂತೆಯೇ ಸದ್ದು ಮಾಡಿ ನಡು ಮುರಿಯಿತು. ಪೂರ್ತಿ ಬೆಸೆದ ಹಡಗು ಅದು. ರಿವೆಟ್ ಹಡಗಿನಲ್ಲಿ ಒಂದು ತಗಡಿನ ಬಿರುಕು ಸಾಮಾನ್ಯವಾಗಿ ಆ ತಗಡಿನ ಅಂಚಿಗೆ ನಿಲ್ಲುತ್ತದೆ. ಬೆಸೆದ ಹಡಗು ಒಂದೇ ತಗಡಿನಂತೆ, ಚಳಿಗೆ ಪೆಡಸಾದ ಉಕ್ಕಿನಲ್ಲಿ ಬಿರುಕು ಈ ಕೊನೆಯಿಂದ ಆ ಕೊನೆಗೆ ಓಡುತ್ತದೆ.

ಮತ್ತೆ ಕಂಬಿಯ ಮೇಲೆ

ಉದ್ದಕ್ಕೂ ಬೆಸೆದ ಕಂಬಿಯ ಸ್ಥಿತಿಯೂ ಅದೇ. 13 ಮೀಟರಿನ ಒಂದು ಕಂಬಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಹಿಂದೆ ಸಂದು ಬಿಟ್ಟದ್ದು ಅದಕ್ಕೇ. ಸಂದು ಮುಚ್ಚಿ ಬೆಸೆದ ಮೇಲೆ ಕಂಬಿ ಹಿಗ್ಗಲೂ ಆಗದೆ ಕುಗ್ಗಲೂ ಆಗದೆ ಸ್ಲೀಪರುಗಳ ಹಿಡಿತದಲ್ಲಿ ಬಿಗಿದುಕೊಂಡಿರುತ್ತದೆ. ಮೀಟರಿಗೆ 60 ಕಿಲೋ ತೂಗುವ ಕಂಬಿಯನ್ನು ಕೂರಿಸಿದಾಗ ಇದ್ದ ಬಿಸಿಗಿಂತ 25 ಡಿಗ್ರಿ ಇಳಿದರೆ ಅದರೊಳಗೆ ಸುಮಾರು 45 ಟನ್ನಿನ ಎಳೆತ ಹುಟ್ಟುತ್ತದೆ. ಕಂಬಿ ಬಿಡುವುದು ಹೆಚ್ಚಾಗಿ ಚಳಿಗಾಲದ ನಸುಕಿನಲ್ಲಿ. ಬಿಡುವ ಜಾಗ ಹೆಚ್ಚಾಗಿ ಬೆಸುಗೆ. ಚಳಿಗಾಲದಲ್ಲಿ ರೈಲ್ವೆಯವರು ರಾತ್ರಿ ಗಸ್ತು ಹಾಕುವುದು ಇದಕ್ಕೇ.

ಕಂಬಿಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.6ರಿಂದ 0.8 ಪಾಲು. ಸ್ಪ್ರಿಂಗ್ ಪಟ್ಟೆಯ ಜಾತಿಯದೇ, ಮಾಮೂಲಿ ರಾಡಿಗೆ ಒಲಿಯುವುದಿಲ್ಲ. ಇದಕ್ಕೆ ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ ಕಂಡುಕೊಂಡ ಉಪಾಯ ಥರ್ಮಿಟ್. 1899ರಲ್ಲಿ ಎಸೆನ್ ನಗರದ ಟ್ರಾಂ ಹಳಿಗಳ ಮೇಲೆ ಮೊದಲು ಬಳಸಿದ್ದು. ಕಬ್ಬಿಣದ ಆಕ್ಸೈಡು, ಅಲ್ಯೂಮಿನಿಯಂ ಪುಡಿ ಬೆರೆಸಿ ಹೊತ್ತಿಸಿದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಕಿತ್ತುಕೊಂಡು, 2,000 ಡಿಗ್ರಿಗೂ ಮೀರಿದ ಕಾವಿನಲ್ಲಿ ಉಕ್ಕು ದ್ರವವಾಗಿ ಕೆಳಗಿಳಿಯುತ್ತದೆ. ಕಂಬಿಗಳ ನಡುವೆ 25 ಮಿಲಿಮೀಟರ್ ಸಂದು ಬಿಟ್ಟು, ಸುತ್ತ ಅಚ್ಚು ಕಟ್ಟಿ, ತುದಿಗಳನ್ನು ಮೊದಲೇ ಕಾಯಿಸಿ ಅದರೊಳಗೆ ಹೊಯ್ಯುತ್ತಾರೆ. ಕರೆಂಟು ಬೇಡ, ಕಾಡಿನ ನಡುವೆಯೂ ಆದೀತು. ದೊಡ್ಡ ಅನುಕೂಲ. ಆದರೆ ಬಂದದ್ದು ಎರಕದ ಉಕ್ಕು, ಸುತ್ತಿಗೆ ಕಾಣದ ಉಕ್ಕು. ಅಚ್ಚಿನಲ್ಲಿ ತೇವವಿದ್ದರೆ, ಕಾಯಿಸುವುದು ಕಡಿಮೆಯಾದರೆ ಒಳಗೆ ಗುಳ್ಳೆ, ಕಿಟ್ಟ.

ಇನ್ನೊಂದು ವಿಧಾನ ಫ್ಲ್ಯಾಶ್ ಬಟ್. ಎರಡು ಕಂಬಿಗಳ ತುದಿಗಳನ್ನು ಯಂತ್ರದಲ್ಲಿ ಹಿಡಿದು, ಭಾರಿ ವಿದ್ಯುತ್ ಹರಿಸಿ, ಕಿಡಿ ಕಾರುವಷ್ಟು ಕಾಯಿಸಿ, ಒಂದಕ್ಕೊಂದು ಬಲವಾಗಿ ಒತ್ತಿಬಿಡುತ್ತಾರೆ. ತುದಿಯಲ್ಲಿ ಕರಗಿದ ಕೊಳಕೆಲ್ಲ ಹೊರಗೆ ಉಕ್ಕಿ, ಒಳಗೆ ಕಂಬಿಗೆ ಕಂಬಿಯೇ ಕೂಡಿಕೊಳ್ಳುತ್ತದೆ. ನಡುವೆ ಬೇರೆ ಲೋಹವಿಲ್ಲ. ಬಿಸಿ ಮತ್ತು ಒತ್ತಡ. ಗಾಡಿ ಚಕ್ರದ ಪಟ್ಟೆಗೆ ಕಮ್ಮಾರ ಮಾಡುತ್ತಿದ್ದದ್ದೂ ಇದನ್ನೇ. ಭಾರತೀಯ ರೈಲ್ವೆ ಹೆಚ್ಚು ನಂಬುವುದು ಈ ಬೆಸುಗೆಯನ್ನು. ಸಾಧ್ಯವಾದ ಕಡೆಯಲ್ಲೆಲ್ಲ ಥರ್ಮಿಟ್ ಬಿಟ್ಟು ಇದನ್ನೇ ಮಾಡಬೇಕೆಂಬುದು ಅದರ ಒಲವು.

ಆದರೆ ರಿಪೇರಿಯ ಕಷ್ಟ ರಿಪೇರಿಯವನಿಗೇ ಗೊತ್ತು. 1884ರ ಆ ಗುಬ್ಬಿ ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಕುಣಿಗಲ್ಲಿನ ಮೇಲೆ ಹಾಸನಕ್ಕೆ ಹೋಗುವ ಹೊಸ ದಾರಿಯಲ್ಲಿ ಬೆಂಗಳೂರಿನಿಂದ ನೇರ ರೈಲು 2017ರ ಮಾರ್ಚಿನಲ್ಲಿ ಶುರುವಾಯಿತು. ಇಂಥ ಓಡುವ ದಾರಿಯಲ್ಲಿ ನಸುಕಿನಲ್ಲಿ ಒಂದು ಬೆಸುಗೆ ಬಿಟ್ಟಿತೆನ್ನಿ. ದೊಡ್ಡ ಯಂತ್ರ ತರಲು ಹೊತ್ತಿಲ್ಲ. ಮೊದಲು ಬೆಸುಗೆಯ ಉಬ್ಬಿಗೆ ಹೊಂದುವಂತೆ ನಡು ಬಾಗಿಸಿದ ಪಟ್ಟಿಗಳನ್ನು ಎರಡೂ ಬದಿಗೆ ಬಿಗಿದು ಗಾಡಿಯನ್ನು ನಿಧಾನವಾಗಿ ಬಿಡುತ್ತಾರೆ. ಬಳಿಕ ಕೆಟ್ಟ ತುಂಡನ್ನು ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಆ ತುಂಡಿಗೆ ಎರಡು ತುದಿ, ಎರಡು ತುದಿಗೂ ಸಾಮಾನ್ಯವಾಗಿ ಥರ್ಮಿಟ್ಟೇ. ಒಂದು ದುರ್ಬಲ ಜಾಗವನ್ನು ತೆಗೆಯಲು ಹೋಗಿ ಎರಡನ್ನು ಹಾಕಿದಂತಾಯಿತು. ಇದನ್ನು ತಪ್ಪಿಸಲು ಕೆಟ್ಟ ಬೆಸುಗೆಯನ್ನಷ್ಟೇ ಕತ್ತರಿಸಿ, 75 ಮಿಲಿಮೀಟರಿನ ಅಗಲ ಸಂದಿಗೆ ಒಂದೇ ಎರಕ ಹೊಯ್ಯುವ ಕ್ರಮ ಬಂದಿದೆ. ಆಗ ಎರಡರ ಜಾಗದಲ್ಲಿ ಒಂದೇ ಬೆಸುಗೆ. ತಣಿದ ಮೇಲೆ ಉಬ್ಬನ್ನು ತರಿದು, ಉಜ್ಜಿ ನಯಮಾಡಿ, ಕಿವಿಗೆ ಕೇಳದ ಶಬ್ದದಲೆಯನ್ನು ಒಳಗೆ ಕಳಿಸಿ ದೋಷ ಹುಡುಕುತ್ತಾರೆ. ಮರುದಿನ ಬೆಳಗಿನಿಂದ ಕೀಮ್ಯಾನ್ ತನ್ನ ಸುತ್ತಿಗೆ ಹೊತ್ತು ಆ ಜಾಗವನ್ನೂ ದಾಟಿ ನಡೆಯುತ್ತಾನೆ, ಕಂಬಿಯ ಮೇಲೆ ಕಣ್ಣಿಟ್ಟು.